ಗಂಜಾಂನಿಂದ ತಂದ ಉಜ್ಜುಗಲ್ಲು

ಹನ್ನೊಂದು ವರ್ಷದ ಹಿಂದೆ ಶ್ರೀರಂಗಪಟ್ಟಣದ ಗಂಜಾಂನಿಂದ ಜರ್ಮನಿಯ ಎರ್ಲಾಂಗನ್ ಊರಿಗೆ ಬಂದಿಳಿದಾಗ ನನ್ನ ಪೆಟ್ಟಿಗೆಯಲ್ಲಿ ಎರಡು ಕಿಲೋ ರಾಗಿಹಿಟ್ಟು, ಅವ್ವ ಕಟ್ಟಿಕೊಟ್ಟ ಹುಣಸೆಹಣ್ಣಿನ ಉಂಡೆ, ಒಂದು ಡಬ್ಬಿ ಗೋಂದು, ನಾಲ್ಕು ಕುಂಚ ಮತ್ತು ಬೆರಳುದ್ದದ ಒಂದು ನುಣುಪು ಕಲ್ಲು ಇದ್ದವು. ಚಿನ್ನದ ರೇಕಿನ ಮೇಲೆ ತೆಳುವಾದ ಕಾಗದ ಇಟ್ಟು ಉಜ್ಜಿ ಹೊಳಪು ತರುವ ಕಲ್ಲು ಅದು. ಮೈಸೂರಿನಲ್ಲಿ ಆರು ವರ್ಷ ಕೂರಿಸಿಕೊಂಡು ಸಾಂಪ್ರದಾಯಿಕ ಚಿತ್ರ ಕಲಿಸಿದ ನನ್ನ ಗುರುಗಳು ಕೊಟ್ಟದ್ದು. ಮದುವೆಯಾಗಿ ಹೊರಟವಳಿಗೆ ಅವರು ಹೇಳಿದ್ದು ಒಂದೇ ಮಾತು: "ಅಲ್ಲಿ ಏನು ಸಿಗುತ್ತೋ ಏನು ಸಿಗಲ್ವೋ, ಇದು ಕೈಲಿರಲಿ."

ಈಚೆಗೆ ಮಂಡ್ಯ ಕಡೆಯಿಂದ ಹೊರದೇಶಕ್ಕೆ ಬರುವ ಹುಡುಗ ಹುಡುಗಿಯರಲ್ಲಿ ಚಿತ್ರ ಬರೆಯುವವರು, ಹಾಡುವವರು, ವೇಷ ಕಟ್ಟುವವರು ಹೆಚ್ಚಾಗಿದ್ದಾರೆ. ಬಂದು ಎರಡು ವರ್ಷಕ್ಕೆ ಅವರಲ್ಲಿ ಎಷ್ಟೋ ಮಂದಿ ಕೈ ಬಿಟ್ಟುಬಿಡುತ್ತಾರೆ. ಬಿಡಬೇಕಾಗಿರಲಿಲ್ಲ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ನಾನೂ ಬಿಡುವುದರಲ್ಲಿದ್ದೆ. ಯಾಕೆ ಬಿಡಲಿಲ್ಲ ಎಂಬುದನ್ನು ಅವರಿಗಾಗಿ ಬರೆಯುತ್ತಿದ್ದೇನೆ.

1. ನಮ್ಮ ಕಲೆಯೇ ವಲಸೆ ಬಂದದ್ದು

ಮೊದಲ ವರ್ಷ ನನ್ನನ್ನು ತಿಂದದ್ದು ಒಂದೇ ಯೋಚನೆ: ಈ ಚಿತ್ರಕ್ಕೂ ಈ ನೆಲಕ್ಕೂ ಏನು ಸಂಬಂಧ? ಕಿಟಕಿಯಾಚೆ ಎಲೆ ಉದುರಿದ ಮರ, ಒಳಗೆ ಮೇಜಿನ ಮೇಲೆ ರಾಜರಾಜೇಶ್ವರಿ. ಸುಳ್ಳು ಹೇಳುತ್ತಿದ್ದೇನೆ ಅನ್ನಿಸುತ್ತಿತ್ತು.

ಆಗ ಗುರುಗಳು ಪಾಠದ ನಡುವೆ ಹೇಳುತ್ತಿದ್ದ ಕಥೆ ಜ್ಞಾಪಕಕ್ಕೆ ಬಂತು. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಅಲ್ಲಿನ ಚಿತ್ರಗಾರರ ಮನೆತನಗಳು ಅನ್ನ ಹುಡುಕಿಕೊಂಡು ದಿಕ್ಕುದಿಕ್ಕಿಗೆ ಹೋದವು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ತೆಗೆದುಕೊಂಡಾಗ ಅವರಲ್ಲಿ ಕೆಲವರಿಗೆ ಅಲ್ಲಿ ಆಸರೆ ಸಿಕ್ಕಿತು. 1799ರಲ್ಲಿ ರಾಜಧಾನಿ ಮೈಸೂರಿಗೆ ಹೋದಾಗ ಕುಂಚ ಹಿಡಿದವರು ಮತ್ತೆ ಗಂಟು ಕಟ್ಟಿದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಳಿದ್ದನ್ನೇ ನಾವು ಇವತ್ತು ಮೈಸೂರು ಶೈಲಿ ಅನ್ನುವುದು. ತುಂಗಭದ್ರೆಯ ದಡದಿಂದ ಕಾವೇರಿಯ ದ್ವೀಪಕ್ಕೆ ಬಂದವರಿಗೂ ಮೊದಲ ವರ್ಷ ಅಲ್ಲಿನ ಮಣ್ಣು, ನೀರು, ಮಾತಿನ ಧಾಟಿ ಎಲ್ಲ ಬೇರೆಯಾಗಿಯೇ ಕಂಡಿರಬೇಕು.

ನಾನು ಹುಟ್ಟಿದ ಗಂಜಾಂ ಕೂಡ ಹಾಗೆ ಆದದ್ದೇ. ಟಿಪ್ಪು ಶಿರಾದಿಂದ ಕಸುಬಿನವರ ಸಂಸಾರಗಳನ್ನು ತಂದು ಕೂರಿಸಿದ ಪೇಟೆ ಅದು. ಅವರು ಇಷ್ಟಪಟ್ಟು ಬಂದವರಲ್ಲ. ಈಗ ನಾನಿರುವ ಎರ್ಲಾಂಗನ್ನಿನ ಕಥೆಯೂ ಹೆಚ್ಚು ಬೇರೆಯಲ್ಲ. 1686ರಲ್ಲಿ ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದ ಹ್ಯೂಗೆನೋಟರಿಗಾಗಿ ಇಲ್ಲಿನ ದೊರೆ ಹೊಸ ಊರನ್ನೇ ಕಟ್ಟಿಸಿದ. ಅವರು ಕಾಲುಚೀಲ ಹೆಣೆಯುವ ಕಸುಬು ತಂದರು. ಅವರ ಚರ್ಚು ಇವತ್ತಿಗೂ ಊರ ನಡುವೆ ನಿಂತಿದೆ. ಅದರ ಎದುರಿನ ಬೆಂಚಿನ ಮೇಲೆ ಕೂತು ಇದನ್ನೆಲ್ಲ ಲೆಕ್ಕ ಹಾಕಿದ ದಿನವೇ ನಾನು ಮನೆಗೆ ಹೋಗಿ ಹಲಗೆ ತೆಗೆದದ್ದು.

2. ಮೊದಲ ಚಳಿಗಾಲಕ್ಕೆ ಅಂಗೈಯಗಲದ ಚಿತ್ರ ಸಾಕು

ಬಂದ ಹೊಸದರಲ್ಲಿ ಎಲ್ಲರಿಗೂ ದೊಡ್ಡದು ಮಾಡುವ ಹುರುಪು. ನಾನು ನಾಲ್ಕಡಿ ಎತ್ತರದ ದಶಾವತಾರ ಶುರು ಮಾಡಿದೆ. ಅಡುಗೆಮನೆ ಹೊಸದು, ಬಸ್ಸಿನ ನಂಬರ್ ಹೊಸದು, ಕಸ ಯಾವ ಬಣ್ಣದ ತೊಟ್ಟಿಗೆ ಹಾಕಬೇಕೆಂಬುದೂ ಹೊಸದು. ಇವೆಲ್ಲದರ ನಡುವೆ ಮತ್ಸ್ಯ, ಕೂರ್ಮ ದಾಟಿ ವರಾಹಕ್ಕೆ ಬರುವ ಹೊತ್ತಿಗೆ ಮಾರ್ಚ್ ಬಂದಿತ್ತು. ಅದು ಇಂದಿಗೂ ಮುಗಿದಿಲ್ಲ.

ನಮ್ಮೂರಿಗೆ ಹೊರಗಿನಿಂದ ಬಂದ ಒಬ್ಬ ಚಿತ್ರಗಾರನಿಗೂ ಹೀಗೇ ಆಗಿತ್ತು. ಐರ್ಲೆಂಡಿನ ಥಾಮಸ್ ಹಿಕ್ಕಿ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಗೆ ಬಂದ. ಆ ಯುದ್ಧದ ಕಥೆಯನ್ನು ಏಳು ದೊಡ್ಡ ಚಿತ್ರಗಳಲ್ಲಿ ಬಿಡಿಸುವ ಯೋಜನೆ ಹಾಕಿದ, ಅದು ಕೈಗೂಡಲಿಲ್ಲ. ಉಳಿದದ್ದು ಸೀಮೆಸುಣ್ಣ, ಇದ್ದಿಲಿನಲ್ಲಿ ಅವನು ಬರೆದ ಸಣ್ಣ ಸಣ್ಣ ಮುಖಗಳು, ಟಿಪ್ಪುವಿನ ಮಕ್ಕಳ ಭಾವಚಿತ್ರಗಳು. ಅವೇ ಇವತ್ತು ನಮಗೆ ಆ ಕಾಲದ ಮುಖ ತೋರಿಸುತ್ತಿವೆ.

ಎರಡನೆಯ ಚಳಿಗಾಲದಲ್ಲಿ ನಾನು ಪೋಸ್ಟ್‌ಕಾರ್ಡ್ ಅಳತೆಯ ಹನ್ನೆರಡು ಹಲಗೆ ಕತ್ತರಿಸಿಕೊಂಡೆ. ತಿಂಗಳಿಗೊಂದು. ಹನ್ನೆರಡೂ ಮುಗಿದವು. ಮುಗಿಸುವ ಅಭ್ಯಾಸ ಒಮ್ಮೆ ತಪ್ಪಿದರೆ ಪರದೇಶದಲ್ಲಿ ಅದನ್ನು ಮರಳಿ ಹಿಡಿಯುವುದು ಬಹಳ ಕಷ್ಟ.

3. ಅಂಟಿನ ಅಳತೆ ಹವೆ ಹೇಳಿದಂತೆ

ಇದು ನನಗೆ ಎಲ್ಲಕ್ಕಿಂತ ದುಬಾರಿ ಬಿದ್ದ ಪಾಠ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೈಸೂರು ಚಿತ್ರದಲ್ಲಿ ಒಡವೆ, ಕಿರೀಟ, ಸೀರೆಯ ಅಂಚು, ಮಂಟಪದ ಕಂಬ ಇವು ಹಲಗೆಯಿಂದ ತುಸುವೇ ಎದ್ದು ನಿಲ್ಲಬೇಕು. ತಂಜಾವೂರಿನ ಹಾಗೆ ದಪ್ಪವಲ್ಲ, ಬೆರಳಾಡಿಸಿದರೆ ಗೊತ್ತಾಗುವಷ್ಟು. ಅದಕ್ಕೆ ಹಚ್ಚುವ ಗೆಸ್ಸೊವನ್ನು ಹಿಂದಿನವರು ಸೀಸದ ಸಫೇದಾ, ರೇವಲ್ಚಿನ್ನಿ ಹಾಲು ಮತ್ತು ಅಂಟು ಸೇರಿಸಿ ಅರೆಯುತ್ತಿದ್ದರು. ಸೀಸ ವಿಷವಾದ್ದರಿಂದ ನನ್ನ ಗುರುಗಳ ಕಾಲಕ್ಕೆ ಜಿಂಕ್ ಆಕ್ಸೈಡ್ ಪುಡಿ ಮತ್ತು ಗೋಂದು ಬಂದಿತ್ತು. ಕುಂಚದ ತುದಿಯಿಂದ ಚುಕ್ಕೆ ಚುಕ್ಕೆ ಇಟ್ಟು, ಗೆರೆ ಎಳೆದು, ಒಣಗಿದ ಮೇಲೆ ಅದರ ಮೇಲೆ ಚಿನ್ನದ ರೇಕು ಕೂರಿಸಿ ಉಜ್ಜುವುದು.

ಎರ್ಲಾಂಗನ್ನಿನಲ್ಲಿ ಅಕ್ಟೋಬರ್ ಬಂತೆಂದರೆ ಮನೆಯೊಳಗೆ ಹೀಟರ್ ಹಚ್ಚುತ್ತಾರೆ, ಏಪ್ರಿಲ್‌ವರೆಗೂ ಆರುವುದಿಲ್ಲ. ಹೊರಗೆ ಹಿಮ, ಒಳಗೆ ಗಾಳಿ ಹಪ್ಪಳದಂತೆ ಒಣಗಿರುತ್ತದೆ. ನನ್ನ ಮೊದಲ ಸರಸ್ವತಿಯ ಕಿರೀಟಕ್ಕೆ ಗೆಸ್ಸೊ ಹಚ್ಚಿ ಎಂಟು ದಿನಕ್ಕೆ, ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳ ಬಿರುಕು ಬಿಡುತ್ತದಲ್ಲ, ಹಾಗೆ ಬಿಟ್ಟಿತು. ಹಲಗೆ ಬಿಲ್ಲಿನಂತೆ ಬಾಗಿತು. ಅಂಟು ಕಡಿಮೆಯಾಯಿತೇನೋ ಎಂದು ಮುಂದಿನದಕ್ಕೆ ಇನ್ನಷ್ಟು ಗೋಂದು ಸುರಿದೆ. ಅದು ಇನ್ನೂ ಬೇಗ ಸೀಳಿತು. ಮೂರು ಹಲಗೆ, ಎರಡೂವರೆ ತಿಂಗಳು, ಸಾಲದ್ದಕ್ಕೆ ಊರಿಂದ ತಂದ ರೇಕು, ಎಲ್ಲ ಹಾಳು.

ಅವ್ವನಿಗೆ ಫೋನಿನಲ್ಲಿ ಹೇಳಿಕೊಂಡು ಅತ್ತೆ. ಅವ್ವನಿಗೆ ಗೆಸ್ಸೊ ಗೊತ್ತಿಲ್ಲ, ಮುದ್ದೆ ಗೊತ್ತು. "ಅಲ್ಲಿ ಅಂಗಡಿ ರಾಗಿಹಿಟ್ಟಲ್ಲಿ ಮುದ್ದೆ ಮಾಡ್ದಾಗ ಗಂಟುಗಂಟಾಗ್ತದೆ ಅಂತಿದ್ದೆಲ್ಲವ್ವಾ, ಆಮೇಲೆ ಏನ್ ಮಾಡ್ದೆ?" ಅಂದಳು. ಎಸರಿನ ಅಳತೆ ಬದಲಾಯಿಸಿದ್ದೆ. "ಮತ್ತೆ ಇದ್ಕೂ ಅಂಗೇ ಮಾಡು."

ಅದೇ ವಾರ ನಾಗಮಂಗಲದಲ್ಲಿರುವ ಚಿಕ್ಕಪ್ಪ ಇನ್ನೊಂದು ಮಾತು ತಿಳಿಸಿದರು. ಅಲ್ಲಿ ಲೋಹದ ವಿಗ್ರಹ ಎರಕ ಹೊಯ್ಯುವವರು ಮೊದಲು ಮೇಣದಲ್ಲಿ ಮೂರ್ತಿ ಮಾಡುತ್ತಾರೆ, ಅದರ ಸುತ್ತ ಮಣ್ಣು ಮೆತ್ತುತ್ತಾರೆ, ಮೇಣ ಕರಗಿಸಿ ಹರಿಸಿದ ಜಾಗಕ್ಕೆ ಕಾದ ಲೋಹ ಹೊಯ್ಯುತ್ತಾರೆ. ಆ ಮೇಣಕ್ಕೆ ಬೆರೆಸುವ ರಾಳ ಮತ್ತು ಎಣ್ಣೆಯ ಪಾಲು ಬೇಸಿಗೆಗೆ ಒಂದು, ಚಳಿಗೆ ಒಂದು. ಊರು ಬಿಟ್ಟು ಎಲ್ಲಿಗೂ ಹೋಗದವರೇ ಹವೆ ನೋಡಿ ಅಳತೆ ತಿದ್ದಿಕೊಳ್ಳುತ್ತಾರೆ. ಏಳು ಸಾವಿರ ಕಿಲೋಮೀಟರು ಬಂದ ನಾನು ಗುರುಗಳ ಅಳತೆಗೇ ಜೋತುಬಿದ್ದಿದ್ದೆ. ಅದು ಗುರುಭಕ್ತಿಯಲ್ಲ, ಸೋಮಾರಿತನ.

ಈಗ ನಾನು ಮಾಡುವುದು ಇಷ್ಟು. ತಂದ ಹಲಗೆಯನ್ನು ಎರಡು ವಾರ ಅದೇ ಕೋಣೆಯಲ್ಲಿ ಸುಮ್ಮನೆ ಇಡುತ್ತೇನೆ. ಮುಂದೆ ಕಾಗದ ಅಂಟಿಸಿದಂತೆ ಹಿಂದೆಯೂ ಅಂಟಿಸುತ್ತೇನೆ. ಎರಡೂ ಕಡೆ ಸಮ ಎಳೆದರೆ ಹಲಗೆ ಬಾಗುವುದಿಲ್ಲ. ಗೋಡೆಯಲ್ಲಿ ತೇವದ ಮೀಟರ್ ತೂಗಿಹಾಕಿದ್ದೇನೆ, ಮುಳ್ಳು 45ಕ್ಕಿಂತ ಕೆಳಗಿಳಿದರೆ ಹೀಟರಿನ ಮೇಲೆ ನೀರಿನ ಬೋಗುಣಿ ಇಡುತ್ತೇನೆ. ಗೋಂದು ಊರಿಗಿಂತ ಕಡಿಮೆ, ಜೊತೆಗೆ ಎರಡು ಹನಿ ಜೇನು. ದಪ್ಪ ಪದರ ಒಂದರ ಬದಲು ತೆಳು ಪದರ ನಾಲ್ಕು. ಒಂಬತ್ತು ವರ್ಷದಿಂದ ಒಂದು ಕಿರೀಟವೂ ಬಿರಿದಿಲ್ಲ.

4. ಆ ಊರಿನ ಕಸುಬಿನವರ ಬಾಗಿಲು ತಟ್ಟಿ

ಕಲಾವಿದರನ್ನು ಹುಡುಕಿಕೊಂಡು ನಾನು ಮೊದಲು ಗ್ಯಾಲರಿಗಳಿಗೆ ಹೋದೆ. ಒಂದೆಡೆ ಚಿತ್ರ ನೋಡಿ, ಇದು ಮ್ಯೂಸಿಯಂಗೆ ಸೇರಿದ್ದು, ನಮಗಲ್ಲ ಎಂದು ವಿನಯದಿಂದಲೇ ಹೇಳಿ ಕಳಿಸಿದರು. ನೊಂದುಕೊಂಡೆ. ಈಗ ಯೋಚಿಸಿದರೆ ನಾನು ತಟ್ಟಿದ ಬಾಗಿಲೇ ಸರಿಯಿರಲಿಲ್ಲ.

ನ್ಯೂರೆಂಬರ್ಗ್ ದಾಟಿ ದಕ್ಷಿಣಕ್ಕೆ ಹೋದರೆ ಶ್ವಾಬಾಖ್ ಎಂಬ ಊರಿದೆ. ಶತಮಾನಗಳಿಂದ ಅಲ್ಲಿ ಚಿನ್ನ ಬಡಿದು ರೇಕು ಮಾಡುತ್ತಾರೆ. ಒಂದು ಮಿಲಿಮೀಟರಿನ ಸುಮಾರು ಹತ್ತು ಸಾವಿರದಲ್ಲಿ ಒಂದು ಭಾಗ ಬರುವವರೆಗೂ ಬಡಿಯುತ್ತಾರೆ. ಉಸಿರು ಬಿಟ್ಟರೆ ಹಾರಿಹೋಗುವಷ್ಟು. ರೇಕು ಕೊಳ್ಳಲು ಹೋದವಳಿಗೆ ಅಂಗಡಿಯವರು ಒಬ್ಬ ಹಿರಿಯ ಹೆಂಗಸಿನ ಕಾರ್ಖಾನೆ ತೋರಿಸಿದರು. ಹಳೆಯ ಚರ್ಚುಗಳ ಪ್ರತಿಮೆ, ಚೌಕಟ್ಟುಗಳಿಗೆ ಚಿನ್ನ ಹಚ್ಚುವುದು ಅವರ ಕಸುಬು.

ಅವರ ಮೇಜು ನೋಡಿ ನನಗೆ ಮಾತು ಹೊರಡಲಿಲ್ಲ. ಸೀಮೆಸುಣ್ಣದ ಪುಡಿ ಮತ್ತು ಮೊಲದ ಚರ್ಮದ ಅಂಟು ಬೆರೆಸಿದ ಬಿಳಿ ಲೇಪ. ಅದರ ಮೇಲೆ ಕೆಮ್ಮಣ್ಣು. ಅದರ ಮೇಲೆ ರೇಕು. ರೇಕನ್ನು ಕೈಯಲ್ಲಿ ಮುಟ್ಟುವಂತಿಲ್ಲ, ಅಳಿಲಿನ ಕೂದಲಿನ ಅಗಲ ಕುಂಚವನ್ನು ಒಮ್ಮೆ ತಮ್ಮ ಕೆನ್ನೆಗೆ ಸವರಿಕೊಂಡು, ಅಲ್ಲಿ ಹತ್ತಿದ ಕಿಂಚಿತ್ ಎಣ್ಣೆಯ ಅಂಟಿನಲ್ಲೇ ರೇಕನ್ನು ಎತ್ತುತ್ತಾರೆ. ನಮ್ಮಲ್ಲೂ ಹಿಂದೆ ಸೂಕ್ಷ್ಮ ಗೆರೆಗೆ ಅಳಿಲಿನ ಕೂದಲಿನ ಕುಂಚವೇ. ಕೊನೆಗೆ ಉಜ್ಜಲು ಅಗೇಟ್ ಕಲ್ಲು ತೆಗೆದರು, ನಾಯಿಯ ಕೋರೆಹಲ್ಲಿನಂತೆ ಬಾಗಿದ್ದು. ನಾನು ಚೀಲದಿಂದ ನನ್ನ ಕಲ್ಲು ತೆಗೆದು ಪಕ್ಕದಲ್ಲಿಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹೆಬ್ಬೆರಳಿನಲ್ಲಿ ಸವರಿ ನೋಡಿ, ಎಷ್ಟು ವರ್ಷ ಹಳೆಯದು ಎಂದು ಕೇಳಿದರು. ಗುರುಗಳ ತಂದೆಯ ಕಾಲದ್ದು ಎಂದೆ. ಕುರ್ಚಿ ಎಳೆದು ಕೂರಿಸಿದರು.

ತೆಳು ಪದರ ನಾಲ್ಕು ಎಂದೆನಲ್ಲ, ಅದು ಅವರು ಕಲಿಸಿದ್ದು. ರೇಕಿನ ಮೇಲೆ ಕಾಗದ ಇಟ್ಟು ಉಜ್ಜುವ ನಮ್ಮ ರೀತಿಯನ್ನು ಅವರು ನನ್ನಿಂದ ನೋಡಿ ಕಲಿತರು. ಕಲೆಯ ಬಗ್ಗೆ ಮಾತಾಡುವವರು ನಿಮ್ಮನ್ನು ಭಾರತೀಯಳೆಂದು ನೋಡುತ್ತಾರೆ. ಕೈಕೆಲಸದವರು ಮೊದಲು ನಿಮ್ಮ ಉಗುರು ನೋಡುತ್ತಾರೆ. ಅದರಲ್ಲಿ ಬಣ್ಣವಿದ್ದರೆ ಸಾಕು.

5. ಕಸುಬಿನ ಮಾತು ಮೊದಲು, ವ್ಯಾಕರಣ ಆಮೇಲೆ

ಜರ್ಮನ್ ತರಗತಿಯಲ್ಲಿ ನಾನು ಹಿಂದಿನ ಬೆಂಚಿನವಳು. ಆದರೆ ಅಂಟು, ಲೇಪ, ಒಣಗು, ಬಿರುಕು, ಹೊಳಪು, ಒರಟು, ನುಣುಪು ಈ ಏಳು ಮಾತುಗಳನ್ನು ಆ ಕಾರ್ಖಾನೆಯಲ್ಲಿ ಒಂದೇ ಮಧ್ಯಾಹ್ನ ಕಲಿತೆ. ಅಲ್ಲಿಂದ ಭಾಷೆ ತಾನಾಗಿ ಬಿಚ್ಚಿಕೊಂಡಿತು. ಜರ್ಮನ್ನಿನಲ್ಲಿ ನಮ್ಮ ಹಾಗೇ ನೀನು, ನೀವು ಎಂಬ ಭೇದವಿದೆ, ಹಿರಿಯರೇ ಮೊದಲು ಏಕವಚನಕ್ಕೆ ಕರೆಯಬೇಕು. ಒಂದು ವರ್ಷ ನೀವು ನೀವು ಎಂದೇ ಮಾತಾಡಿಸಿದ ಆ ಹಿರಿಯರು ಒಂದು ದಿನ ಚಹಾ ಬಗ್ಗಿಸುತ್ತಾ, ಇನ್ನು ಮೇಲೆ ನೀನು ಅನ್ನು ಎಂದರು. ಮನೆ ಸಿಕ್ಕಿದಷ್ಟು ಸಂತೋಷವಾಯಿತು.

ಮನೆಯೊಳಗೊಂದು ಭಾಷೆ, ಕೆಲಸಕ್ಕೊಂದು ಭಾಷೆ ಆದರೆ ಕಲೆ ಸೊರಗುತ್ತದೆ ಎಂದು ಹೆದರಿಸುವವರಿದ್ದಾರೆ. ಅವರಿಗೆ ನಾನು ಪಾಂಡವಪುರ ತಾಲ್ಲೂಕಿನ ಮೇಲುಕೋಟೆ ತೋರಿಸುತ್ತೇನೆ. ಹನ್ನೆರಡನೆಯ ಶತಮಾನದಲ್ಲಿ ರಾಮಾನುಜರು ತಮಿಳು ನಾಡಿನಿಂದ ತೊಣ್ಣೂರಿಗೂ ಮೇಲುಕೋಟೆಗೂ ಬಂದರು. ಅವರ ಹಿಂದೆ ಬಂದು ನೆಲೆಸಿದವರ ಮನೆಗಳಲ್ಲಿ ಇಂದಿಗೂ ಕನ್ನಡ ಬೆರೆತ ತಮಿಳು ಕೇಳುತ್ತದೆ. ಅಂಥ ಮನೆಯಲ್ಲಿ 1905ರಲ್ಲಿ ಹುಟ್ಟಿದ ಪು.ತಿ.ನ. 'ಗೋಕುಲ ನಿರ್ಗಮನ' ಬರೆದದ್ದು ಕನ್ನಡದಲ್ಲಿ. ಕನ್ನಡಕ್ಕೆ ಗೀತನಾಟಕದ ಹೊಸ ದಾರಿ ತೆರೆದವರು ಅವರು.

6. ಬೆಳಕು ಇರುವಷ್ಟೇ ಬಣ್ಣ

ಡಿಸೆಂಬರಿನಲ್ಲಿ ಇಲ್ಲಿ ಬೆಳಕು ಹರಿಯುವುದು ಎಂಟಕ್ಕೆ, ಕತ್ತಲಾಗುವುದು ನಾಲ್ಕೂಕಾಲಿಗೆ. ದೀಪದಲ್ಲಿ ಹಚ್ಚಿದ ಬಣ್ಣ ಬೆಳಿಗ್ಗೆ ನೋಡಿದರೆ ಅರಚುತ್ತಿರುತ್ತದೆ. ಮೈಸೂರು ಶೈಲಿಯ ಸೊಗಸಿರುವುದೇ ಮೆತ್ತನೆಯ ಬಣ್ಣದಲ್ಲಿ. ಹಾಗಾಗಿ ಚಳಿಗಾಲದಲ್ಲಿ ಹತ್ತರಿಂದ ಎರಡರವರೆಗೆ ಬಣ್ಣ, ಸಂಜೆ ಗೆರೆ ಮತ್ತು ಗೆಸ್ಸೊ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

7. ನೆನಪಿನಿಂದ ಗೆರೆ ಎಳೆಯಬೇಡಿ

ನನ್ನ ಅಜ್ಜಿಯ ಊರು ಕೆ.ಆರ್. ಪೇಟೆಗೆ ತಾಗಿದ ಹೊಸಹೊಳಲು. ಅಲ್ಲಿನ ಲಕ್ಷ್ಮೀನಾರಾಯಣ ದೇವಾಲಯ ಹೊಯ್ಸಳರ ಕಾಲದ್ದು, 1250ರ ಸುಮಾರಿನದು. ಬೇಸಿಗೆ ರಜೆಯಲ್ಲಿ ಅದರ ಜಗತಿಯ ಮೇಲೆ ಓಡಾಡಿ ಬೆಳೆದವಳು ನಾನು. ತಳಪಾಯದ ಸುತ್ತ ಸಾಲು ಸಾಲು ಪಟ್ಟಿಕೆ: ಆನೆ, ಕುದುರೆ, ಬಳ್ಳಿ, ಅದರ ಮೇಲೆ ಕಥೆಗಳು. ಎರ್ಲಾಂಗನ್ನಿನಲ್ಲಿ ಕೂತು ಚಿತ್ರದ ಅಂಚಿಗೆ ಆ ಬಳ್ಳಿಯನ್ನು ಬರೆದೆ, ಕಣ್ಣು ಮುಚ್ಚಿದರೂ ಬರೆಯಬಲ್ಲೆ ಎಂಬ ಧೈರ್ಯದಲ್ಲಿ. ಎರಡು ವರ್ಷದ ಮೇಲೆ ಊರಿಗೆ ಹೋದಾಗ ಚಿತ್ರದ ಫೋಟೋ ಹಿಡಿದು ಗೋಡೆಯ ಮುಂದೆ ನಿಂತೆ. ನನ್ನ ಬಳ್ಳಿ ಮೆತ್ತಗಾಗಿತ್ತು, ಹಬ್ಬದ ಶುಭಾಶಯದ ಕಾರ್ಡಿನ ಬಳ್ಳಿಯಂತೆ. ಕಲ್ಲಿನ ಬಳ್ಳಿ ತಿರುವಿನಲ್ಲೆಲ್ಲ ಸ್ಪ್ರಿಂಗಿನಂತೆ ಬಿಗಿದುಕೊಂಡಿದೆ. ಊರನ್ನು ಪ್ರೀತಿಸುತ್ತ ಪ್ರೀತಿಸುತ್ತ ನಾನು ಅದರ ಬಿಗಿಯನ್ನೇ ಮರೆತಿದ್ದೆ.

ಅದಾದ ಮೇಲೆ ರಜೆಗೆ ಬಂದಾಗಲೆಲ್ಲ ಮೂರು ದಿನ ಗೆರೆಗೆಂದೇ ಎತ್ತಿಡುತ್ತೇನೆ. ಫೋಟೋ ತೆಗೆಯುವುದಿಲ್ಲ, ಕೂತು ಬರೆದುಕೊಳ್ಳುತ್ತೇನೆ. ಮದುವೆ, ನಾಮಕರಣ, ನೆಂಟರ ಮನೆ ಊಟ ಇದ್ದೇ ಇರುತ್ತವೆ. ಮೊದಮೊದಲು ಮನೆಯವರು ಬೇಸರ ಮಾಡಿಕೊಂಡರು. ಈಗ ಅಜ್ಜಿಯೇ, "ಇವತ್ತು ಗುಡಿ ದಿನ ಕಣ್ರೋ, ಅವಳ್ನ ಕರೀಬ್ಯಾಡಿ" ಅನ್ನುತ್ತಾಳೆ.

ಇದಕ್ಕೆ ಎದುರು ಮಾತೂ ಇದೆ, ಅದನ್ನೂ ಹೇಳಬೇಕು. ನಮ್ಮ ದರಿಯಾ ದೌಲತ್ ಬಾಗಿನ ಪಡುವಣ ಗೋಡೆಯಲ್ಲಿ 1780ರ ಪೊಲಿಲೂರು ಯುದ್ಧದ ಚಿತ್ರವಿದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಬೇಸಿಗೆ ಅರಮನೆಯ ಚಿತ್ರಗಳು ಒಮ್ಮೆ ಅಳಿದವು, ಬ್ರಿಟಿಷ್ ಸೇನಾಧಿಕಾರಿ ವೆಲ್ಲೆಸ್ಲಿ ಅಲ್ಲಿದ್ದಾಗ ಮತ್ತೆ ಬರೆಸಿದ, ಮತ್ತೆ ಮಾಸಿದವು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ನೋಡಿ ಮರಳಿ ಬರೆಸಲು ಹೇಳಿದಾಗ, ಹಳೆಯದನ್ನು ಕಂಡು ನೆನಪಿಟ್ಟುಕೊಂಡಿದ್ದ ನಮ್ಮವನೇ ಒಬ್ಬ ಚಿತ್ರಗಾರ ಸಿಕ್ಕ. ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ದಂಡಿನ ಬೈಲಿ, ದುರ್ಬೀನು ಹಿಡಿದ ಫ್ರೆಂಚ್ ಅಧಿಕಾರಿ ಲಾಲಿ, ಇಂದು ನಾವು ನೋಡುವ ಇವರೆಲ್ಲ ಆ ಒಬ್ಬನ ನೆನಪಿನ ಕೃಪೆಯಿಂದ ಉಳಿದವರು. ಆದರೆ ಅವನು ಆ ಗೋಡೆಯನ್ನು ವರ್ಷಗಟ್ಟಲೆ ನೋಡಿದ್ದವನು. ನಾನು ಓಡಾಡಿದ್ದೆ ಅಷ್ಟೆ, ನೋಡಿರಲಿಲ್ಲ.

8. ಹೊಸ ಊರು ಹಿನ್ನೆಲೆಯಿಂದ ಒಳಗೆ ಬರಲಿ

ಇಲ್ಲಿನ ಜನ ಮೆಚ್ಚಲೆಂದು ನಾನು ಒಮ್ಮೆ ಲಕ್ಷ್ಮಿಗೆ ಕೋಟು ತೊಡಿಸಿ ಹಿಮದಲ್ಲಿ ನಿಲ್ಲಿಸಿದ್ದೆ. ನೋಡಿದವರು ನಕ್ಕರು, ಇಬ್ಬರು ಕೊಳ್ಳಲೂ ಬಂದರು. ಮಾರಲಿಲ್ಲ. ಅದರಲ್ಲಿ ಲಕ್ಷ್ಮಿಯೂ ಇರಲಿಲ್ಲ, ಹಿಮವೂ ಇರಲಿಲ್ಲ.

ಹಾಗೆಂದು ಬಾಗಿಲು ಮುಚ್ಚಿಕೊಂಡು ಹಳೆಯದನ್ನೇ ನಕಲು ಮಾಡುವುದೂ ನಮ್ಮ ಪರಂಪರೆಯಲ್ಲ. ಹತ್ತೊಂಬತ್ತನೆಯ ಶತಮಾನದ ಮೈಸೂರು ಚಿತ್ರಗಳನ್ನು ಗಮನವಿಟ್ಟು ನೋಡಿ. ದೇವರು ಕೂತಿರುವ ಕುರ್ಚಿ ಯುರೋಪಿನದು, ಮೇಲೆ ತೂಗುವ ಗಾಜಿನ ದೀಪ ಯುರೋಪಿನದು, ಹಿಂದಿನ ಪರದೆಯ ಮಡಿಕೆಗಳೂ ಅಲ್ಲಿನವೇ. ಆದರೆ ಮುಖದ ಗೆರೆ, ಕೈಯ ಮುದ್ರೆ, ಕೂತ ಭಂಗಿ ಕದಲಿಲ್ಲ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದ ಬಿ.ಎಂ.ಶ್ರೀ. 'ಇಂಗ್ಲಿಷ್ ಗೀತಗಳು' ಮಾಡಿದಾಗಲೂ ಹೀಗೆಯೇ. ಭಾವ, ವಸ್ತು ಸಮುದ್ರದಾಚೆಯದು; ನಡಿಗೆ ಮಾತ್ರ ಕನ್ನಡದ ಕಿವಿಗೆ ಒಪ್ಪುವಂಥದು. ಅದರಿಂದ ಹೊಸ ಕಾವ್ಯವೇ ಹುಟ್ಟಿತು.

ಈಗ ನನ್ನ ಕೃಷ್ಣನ ಹಿಂದೆ ಒಮ್ಮೊಮ್ಮೆ ಸೇಬಿನ ಮರ ಇರುತ್ತದೆ, ಮೇ ತಿಂಗಳಲ್ಲಿ ನಮ್ಮ ಬೀದಿಯಲ್ಲಿ ಹೂ ಬಿಡುವ ಮರ. ಅದಕ್ಕಾಗಿ ಎರಡು ವಸಂತ ಆ ಮರದ ಕೆಳಗೆ ಕೂತು ಅಭ್ಯಾಸ ಮಾಡಿದೆ. ಯಾರೂ ಅದನ್ನು ಬೇರೆಯೆಂದು ಎತ್ತಿ ಹೇಳಲಿಲ್ಲ. ಗುರುಗಳಿಗೆ ಕಳಿಸಿದೆ. "ಮರ ಚೆನ್ನಾಗಿದೆ, ಯಾವುದು?" ಎಂದು ಕೇಳಿದರು.

9. ಸಂಘದ ಕೆಲಸಕ್ಕೂ ನಿಮ್ಮ ಕೆಲಸಕ್ಕೂ ಬೇರೆ ಬೇರೆ ದಿನ

ಪರದೇಶದಲ್ಲಿ ಚಿತ್ರ ಬರೆಯುವ ಕನ್ನಡತಿ ಎಂದು ಗೊತ್ತಾದ ಕೂಡಲೆ ರಾಜ್ಯೋತ್ಸವದ ಪರದೆ, ಗಣೇಶನ ಮಂಟಪ, ಯಾರದೋ ಮನೆಯ ಗೃಹಪ್ರವೇಶದ ರಂಗೋಲಿ ಎಲ್ಲ ನಿಮ್ಮ ಪಾಲಿಗೆ ಬರುತ್ತವೆ. ಮಾಡಿ. ನಾನು ಸಂತೋಷದಿಂದ ಮಾಡುತ್ತೇನೆ. ಆ ಪರದೆಯ ಮುಂದೆ ನಿಂತು ಮಕ್ಕಳು ಕನ್ನಡದಲ್ಲಿ ನಾಟಕ ಆಡುತ್ತಾರೆ. ಆದರೆ ಒಂದು ವರ್ಷ ಬರೀ ಇದೇ ಆಗಿ ನನ್ನ ಹಲಗೆಗಳ ಮೇಲೆ ದೂಳು ಕೂತಿತ್ತು. ಈಗ ಭಾನುವಾರ ಸಂಘಕ್ಕೆ, ಉಳಿದ ದಿನ ನನಗೆ.

ಹಣದ ಮಾತು. ಕೇಳಿದವರಿಗೆಲ್ಲ ಪ್ರೀತಿಯಿಂದ ಕೊಟ್ಟುಬಿಡುವುದು ನಮ್ಮ ಕಡೆಯ ಹೆಂಗಸರ ಅಭ್ಯಾಸ. ಕೊಡುವುದಾದರೆ ಮುಯ್ಯಿ ಎಂದು ಬರೆದು ಕೊಡಿ, ಮಾರುವುದಾದರೆ ಗಂಟೆ ಲೆಕ್ಕ ಹಾಕಿ ಮಾರಿ. ನೀವಿರುವ ದೇಶದಲ್ಲಿ ಕಲಾವಿದರಿಗೆ ಏನು ಕಾನೂನಿದೆ ಎಂದು ಮೊದಲ ವರ್ಷವೇ ವಿಚಾರಿಸಿ. ಜರ್ಮನಿಯಲ್ಲಿ 1983ರಿಂದ ಸ್ವತಂತ್ರ ಕಲಾವಿದರಿಗೆಂದೇ ಸಾಮಾಜಿಕ ವಿಮೆಯ ವ್ಯವಸ್ಥೆಯಿದೆ. ಕಂತಿನ ಅರ್ಧ ಕಲಾವಿದರದು, ಉಳಿದರ್ಧ ಸರ್ಕಾರ ಮತ್ತು ಕಲೆಯನ್ನು ಬಳಸುವ ಸಂಸ್ಥೆಗಳದು. ಇದು ಗೊತ್ತಾಗಲು ನನಗೆ ಐದು ವರ್ಷ ಬೇಕಾಯಿತು. ಯಾರೂ ಮನೆಗೆ ಬಂದು ಹೇಳುವುದಿಲ್ಲ.

10. ಹೆಸರು ಕನ್ನಡದಲ್ಲೇ ಬರೆಯಿರಿ

ಮೊದಲ ಪ್ರದರ್ಶನಕ್ಕೆ, ಊರಿನ ಲೈಬ್ರರಿಯ ಗೋಡೆಯಲ್ಲಿ ಹದಿನಾಲ್ಕು ಚಿತ್ರ ತೂಗುಹಾಕಿದಾಗ, ಓದಲು ಸುಲಭವಾಗಲಿ ಎಂದು ರೋಮನ್ ಅಕ್ಷರದಲ್ಲಿ ಸಹಿ ಹಾಕಿದ್ದೆ. ಪ್ರತಿ ಚಿತ್ರದ ಪಕ್ಕ ಅರ್ಧ ಪುಟದ ವಿವರಣೆ ಬೇರೆ. ಬಂದವರು ವಿವರಣೆ ಓದಿದರು, ಚಿತ್ರ ನೋಡಲಿಲ್ಲ. ಮುಂದಿನ ಸಲ ವಿವರಣೆ ತೆಗೆದು ಒಂದೊಂದು ಸಾಲು ಉಳಿಸಿದೆ. ಸಹಿಯನ್ನು ಕನ್ನಡಕ್ಕೆ ತಂದೆ. ಜನ ಹತ್ತಿರ ಬಂದು, ಈ ದುಂಡಗಿನ ಬಳ್ಳಿ ಏನು ಎಂದು ಕೇಳತೊಡಗಿದರು. ಮಾತು ಅಲ್ಲಿಂದ ಶುರುವಾಗಿ ಚಿತ್ರದ ಎಲ್ಲ ಮೂಲೆಗೂ ಹೋಯಿತು.

ಹಳೆಯ ಮೈಸೂರು ಚಿತ್ರಗಳಲ್ಲಿ ಬರೆದವರ ಹೆಸರು ಸಿಗುವುದು ಅಪರೂಪ. ನನಗೆ ಅದು ಯಾವತ್ತೂ ನೋವಿನ ಸಂಗತಿ. ಆದರೆ ಹೊಯ್ಸಳ ರೂವಾರಿಗಳು ಹೆಸರು ಕೆತ್ತಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರದಲ್ಲೂ ಅವನ ಕೈಯಿದೆ. ಏಳುನೂರು ವರ್ಷದ ಮೇಲೂ ಅವನನ್ನು ಹೆಸರು ಹಿಡಿದು ಕರೆಯಬಹುದು. ನನ್ನ ಮಗಳಿಗೆ ಎಂಟು ವರ್ಷ, ಇಲ್ಲೇ ಹುಟ್ಟಿದವಳು, ಕನ್ನಡ ಓದಲು ಕಲಿತದ್ದು ನನ್ನ ಸಹಿಯ ಅಕ್ಷರಗಳಿಂದ. ಈಗ ಅವಳೂ ಗೆಸ್ಸೊ ಚುಕ್ಕೆ ಇಡುತ್ತಾಳೆ. ಕೈ ಇನ್ನೂ ನಡುಗುತ್ತದೆ, ಆದರೆ ಉಸಿರು ಹಿಡಿಯುವುದು ಬಂದಿದೆ.

ಊರಿನಲ್ಲಿರುವ ತಂದೆ ತಾಯಂದಿರಲ್ಲಿ ಒಂದು ಮನವಿ. ಶ್ರೀರಂಗಪಟ್ಟಣವಿರಲಿ, ಪಾಂಡವಪುರವಿರಲಿ, ಕೆ.ಆರ್. ಪೇಟೆ, ನಾಗಮಂಗಲವಿರಲಿ, ಚಿತ್ರ ಬರೆಯುವ ಮಗನೋ ಮಗಳೋ ಹೊರದೇಶಕ್ಕೆ ಹೊರಟು ನಿಂತಾಗ, ಇಪ್ಪತ್ಮೂರು ಕಿಲೋ ದಾಟುತ್ತದೆ ಎಂದು ಪೆಟ್ಟಿಗೆಯಿಂದ ಮೊದಲು ಕುಂಚ, ಕಲ್ಲುಗಳನ್ನು ತೆಗೆಸಬೇಡಿ. ಉಪ್ಪಿನಕಾಯಿಯ ಒಂದು ಡಬ್ಬಿ ಕಡಿಮೆ ಮಾಡಿ. ಉಪ್ಪಿನಕಾಯಿ ಈಗ ಎಲ್ಲ ಊರಲ್ಲೂ ಸಿಗುತ್ತದೆ.